ಗುಂಡರ್ಟ್ ದಂಪತಿಗಳ ವಂಶವೃಕ್ಷದಲ್ಲಿ ಹರ್ಮನ್ ಹೆಸ್ಸೆ ಯಾವ ಕೊಂಬೆಯವರು?

ಪ್ರಶ್ನೆ

ಮಾನ್ಯರೇ, ನಾನು ಮಂಗಳೂರಿನ ಬಲ್ಮಠದ ಆಸುಪಾಸಿನಲ್ಲಿ ಬೆಳೆದವಳು. ನೊಬೆಲ್ ಪ್ರಶಸ್ತಿ ಪಡೆದ ಜರ್ಮನ್ ಲೇಖಕ ಹರ್ಮನ್ ಹೆಸ್ಸೆಯವರ ಅಜ್ಜ ನಮ್ಮ ಊರಿನಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಲ್ಲಿದ್ದರು ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ಆ ಅಜ್ಜ ಯಾರು ಎಂದು ವಿಚಾರಿಸಿದರೆ ಒಬ್ಬರು ನಿಘಂಟಿನ ಕಿಟೆಲ್ ಎನ್ನುತ್ತಾರೆ, ಮತ್ತೊಬ್ಬರು ‘ಮಂಗಳೂರು ಸಮಾಚಾರ’ ಪತ್ರಿಕೆಯ ಮೋಗ್ಲಿಂಗ್ ಎನ್ನುತ್ತಾರೆ, ಹೆಸ್ಸೆ ಹುಟ್ಟಿದ್ದೇ ತಲಶ್ಶೇರಿಯಲ್ಲಿ ಎಂದು ವಾದಿಸಿದವರೂ ಇದ್ದಾರೆ. ಶಾಲೆಯ ಮಕ್ಕಳಿಗೆ ತೋರಿಸಲೆಂದು ಒಂದು ವಂಶವೃಕ್ಷವನ್ನು ಬರೆಯಲು ಕುಳಿತರೆ ಹಾಳೆಯ ತುಂಬ ಹರ್ಮನ್ನರೇ ತುಂಬಿಕೊಂಡು, ಯಾರು ಯಾರಿಗೆ ಏನಾಗಬೇಕು ಎಂಬುದೇ ತಿಳಿಯದಂತಾಗಿದೆ. ಮೂಲ ದಂಪತಿಗಳಿಂದ ಆರಂಭಿಸಿ ಯಾರಾದರೂ ಈ ಗಂಟನ್ನು ಬಿಡಿಸಿಕೊಡುವಿರಾ?

ಉತ್ತರ 1

ಮೊದಲು ಹರ್ಮನ್ನರನ್ನು ಬೇರ್ಪಡಿಸೋಣ. 1843ರ ಜುಲೈಯಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅವರು ಹೆಸ್ಸೆಯವರ ಅಜ್ಜನಲ್ಲ, ಅಜ್ಜನ ವಿದ್ಯಾರ್ಥಿದೆಸೆಯ ಗೆಳೆಯರು. ಇಬ್ಬರೂ ಟ್ಯೂಬಿಂಗನ್ನಿನಲ್ಲಿ ಓದಿದವರು. ಕಿಟೆಲ್ ಅವರು ಭಾರತಕ್ಕೆ ಬಂದದ್ದೇ 1853ರಲ್ಲಿ. ಅವರದು ಬೇರೆಯದೇ ಮನೆತನ. ಹೆಸ್ಸೆಯವರ ತಾಯಿಯ ತಂದೆ ಮಲಯಾಳ ನಿಘಂಟನ್ನು ರಚಿಸಿದ ಹರ್ಮನ್ ಗುಂಡರ್ಟ್. ತಾಯಿಯ ತಾಯಿ ಜೂಲಿ ಡುಬುವಾ. ನಿಮ್ಮ ಹಾಳೆಯ ತುದಿಯಲ್ಲಿ ಬರೆಯಬೇಕಾದದ್ದು ಈ ಇಬ್ಬರ ಹೆಸರನ್ನು.

ಗುಂಡರ್ಟ್ 1814ರ ಫೆಬ್ರವರಿ 4ರಂದು ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿದರು. ಜೂಲಿ 1809ರಲ್ಲಿ ಹುಟ್ಟಿದವರು. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಸಮೀಪದ, ಫ್ರೆಂಚ್ ಮನೆಮಾತಿನ ಕುಟುಂಬದವರು. ಇಬ್ಬರೂ 1836ರಲ್ಲಿ ಆಂಥನಿ ಗ್ರೋವ್ಸ್ ಎಂಬ ಇಂಗ್ಲಿಷ್ ಪ್ರಚಾರಕರ ತಂಡದೊಂದಿಗೆ ಮದ್ರಾಸಿಗೆ ಬಂದಿಳಿದರೇ ಹೊರತು ಬಾಸೆಲ್ ಮಿಶನ್ನಿಗೆ ಸೇರಿದವರಾಗಿ ಬರಲಿಲ್ಲ. 1838ರ ಜುಲೈ 23ರಂದು ಚಿತ್ತೂರಿನಲ್ಲಿ ಅವರ ಮದುವೆಯಾಯಿತು. ಬಾಸೆಲ್ ಮಿಶನ್ನಿನ ಸಹವಾಸ ಅದರ ನಂತರದ್ದು. ಅದೇ ವರ್ಷದ ನವೆಂಬರಿನಲ್ಲಿ ದಂಪತಿಗಳು ಮಂಗಳೂರಿಗೆ ಬಂದರು, ಮರುವರ್ಷದ ಬೇಸಗೆಯ ಹೊತ್ತಿಗೆ ತಲಶ್ಶೇರಿಯ ಇಲ್ಲಿಕ್ಕುನ್ನು ಎಂಬ ಗುಡ್ಡದ ಬಂಗಲೆಗೆ ಹೊರಟುಹೋದರು. ಆದ್ದರಿಂದ ‘ಹೆಸ್ಸೆಯ ಅಜ್ಜ ಮಂಗಳೂರಿನಲ್ಲಿದ್ದರು’ ಎಂಬ ಮಾತು ಸುಳ್ಳಲ್ಲವಾದರೂ, ಅವರು ಸಂಸಾರ ಹೂಡಿ ನೆಲೆಸಿದ ವಾಸ ಅಲ್ಲಿಯದಲ್ಲ. 1857ರಲ್ಲಿ ಮಲಬಾರು ಮತ್ತು ಕೆನರಾ ಪ್ರಾಂತಗಳ ಶಾಲೆಗಳ ಇನ್‌ಸ್ಪೆಕ್ಟರ್ ಆದಾಗ ನಮ್ಮ ಕರಾವಳಿಯೊಂದಿಗೆ ಅವರ ಸಂಬಂಧ ಮತ್ತೊಮ್ಮೆ ಕುದುರಿತು. ಆದರೆ ಎರಡೇ ವರ್ಷಗಳಲ್ಲಿ ಆರೋಗ್ಯ ಕೆಟ್ಟು ಅವರು ಯುರೋಪಿಗೆ ಮರಳಿದರು. ಅವರ ನಿಘಂಟು ಅಚ್ಚಾದದ್ದು 1872ರಲ್ಲಿ.

ಈ ದಂಪತಿಗಳ ಮಕ್ಕಳಲ್ಲಿ ನಿಮಗೆ ಮುಖ್ಯವಾಗಿ ಬೇಕಾದವರು ಮಗಳು ಮರೀ. ತಲಶ್ಶೇರಿಯಲ್ಲಿ ಹುಟ್ಟಿದವರು ಇವರೇ, 1842ರ ಅಕ್ಟೋಬರ್ 18ರಂದು. ತಾಯಿಯ ಜನ್ಮಸ್ಥಳವನ್ನು ಜನ ಮಗನಿಗೆ ಅಂಟಿಸಿರುವುದರಿಂದಲೇ ನೀವು ಕೇಳಿದ ಆ ವಾದ ಹುಟ್ಟಿರಬೇಕು. ಮಿಶನರಿಗಳ ಮಕ್ಕಳನ್ನು ಓದಿನ ವಯಸ್ಸಿಗೆ ಯುರೋಪಿಗೆ ಕಳುಹಿಸಿ, ತಂದೆತಾಯಿಗಳು ಇಲ್ಲಿಯೇ ಉಳಿಯುವುದು ಅಂದಿನ ರೂಢಿ. ಮರೀ ಇನ್ನೂ ಎಳೆಯ ವಯಸ್ಸಿನಲ್ಲಿಯೇ ಹೀಗೆ ಅಗಲಿದವರು ಮತ್ತೆ ತಂದೆತಾಯಿಗಳ ಮನೆಗೆ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಹಡಗಿನಲ್ಲಿ ಪರಿಚಯವಾದ ಒಬ್ಬ ಆಂಗ್ಲ ತರುಣನನ್ನು ಆಕೆ ಮೆಚ್ಚಿಕೊಂಡಿದ್ದರೂ ತಂದೆ ಅದಕ್ಕೆ ಒಪ್ಪಲಿಲ್ಲ. ಭಾಷೆಗಳ ವಿಷಯದಲ್ಲಿ ಅಷ್ಟು ಉದಾರವಾಗಿದ್ದ ಗುಂಡರ್ಟರು ಮಗಳ ವಿಷಯದಲ್ಲಿ ಹಾಗಿರಲಿಲ್ಲ ಎಂದೇ ನನಗೆ ತೋರುತ್ತದೆ.

ಮರೀಗೆ ಎರಡು ಮದುವೆಗಳಾದವು. ವಂಶವೃಕ್ಷಗಳು ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ. 1865ರಲ್ಲಿ ಚಾರ್ಲ್ಸ್ ಐಸೆನ್‌ಬರ್ಗ್ ಎಂಬ ಮಿಶನರಿಯನ್ನು ವರಿಸಿ ಥಿಯೊಡೋರ್ ಮತ್ತು ಕಾರ್ಲ್ ಎಂಬ ಇಬ್ಬರು ಗಂಡುಮಕ್ಕಳನ್ನು ಪಡೆದರು. 1870ರಲ್ಲಿ ಪತಿ ತೀರಿಕೊಂಡ ಬಳಿಕ, ಕಾಲ್ವ್ ಎಂಬ ಸಣ್ಣ ಪಟ್ಟಣದಲ್ಲಿ ಪ್ರಕಾಶನ ಸಂಸ್ಥೆಯೊಂದನ್ನು ನಡೆಸುತ್ತಿದ್ದ ತಂದೆಯ ಆಸರೆಯಲ್ಲಿ ಇದ್ದರು. ಅಲ್ಲಿಗೆ 1873ರಲ್ಲಿ ಗುಂಡರ್ಟರ ಸಹಾಯಕರಾಗಿ ಬಂದವರು ಯೊಹಾನ್ನೆಸ್ ಹೆಸ್ಸೆ. ಇವರು 1847ರಲ್ಲಿ ಈಗಿನ ಎಸ್ಟೋನಿಯಾದಲ್ಲಿ ವೈದ್ಯರೊಬ್ಬರ ಮಗನಾಗಿ ಹುಟ್ಟಿ, ಬಾಸೆಲ್ ಮಿಶನ್ನಿನ ಮೂಲಕ 1869ರಲ್ಲಿ ಭಾರತಕ್ಕೆ ಬಂದು ಮಂಗಳೂರಿನಲ್ಲಿ ಕೆಲಸ ಮಾಡಿ, ಇಲ್ಲಿಯ ಹವೆ ಒಗ್ಗದೆ ನಾಲ್ಕೇ ವರ್ಷಗಳಲ್ಲಿ ಹಿಂದಿರುಗಿದ್ದರು. 1874ರಲ್ಲಿ ಮರೀ ಅವರನ್ನು ಮದುವೆಯಾದರು. 1877ರ ಜುಲೈ 2ರಂದು ಕಾಲ್ವ್‌ನಲ್ಲಿ ಹರ್ಮನ್ ಹೆಸ್ಸೆ ಹುಟ್ಟಿದರು. ಹಾಗಾಗಿ ಮಂಗಳೂರಿನವರು ‘ಅಜ್ಜ ಇಲ್ಲಿದ್ದರು’ ಎನ್ನುವುದಕ್ಕಿಂತ ‘ಅಪ್ಪ ಇಲ್ಲಿದ್ದರು’ ಎಂದು ಹೇಳಿಕೊಳ್ಳುವುದು ಹೆಚ್ಚು ನ್ಯಾಯವಾದೀತು!

ಉತ್ತರ 2

ಮೇಲಿನವರು ವಿವರಗಳನ್ನು ಸರಿಯಾಗಿಯೇ ಕೊಟ್ಟಿದ್ದಾರೆ. ಆದರೆ ಶೀರ್ಷಿಕೆಯಲ್ಲಿ ‘ಗುಂಡರ್ಟ್ ದಂಪತಿಗಳು’ ಎಂದು ಬರೆದ ಕೂಡಲೇ ಜೂಲಿ ಮರೆಯಾಗಿಬಿಡುತ್ತಾರೆ ಎಂಬುದು ನನ್ನ ಆಕ್ಷೇಪ. ನಾನು ಉಡುಪಿ ಕಡೆಯ ಅಳಿಯಸಂತಾನದ ಕುಟುಂಬದವನು. ನಮ್ಮ ಕಟ್ಟಿನ ಪ್ರಕಾರ ಮಕ್ಕಳು ತಾಯಿಯ ಬರಿಗೆ, ಎಂದರೆ ತಾಯಿಯ ವಂಶಕ್ಕೆ, ಸೇರಿದವರು, ತಂದೆಯ ಬರಿಗಲ್ಲ. ಇದೇ ಅಳತೆಗೋಲನ್ನು ಈ ಮನೆತನಕ್ಕೆ ಹಿಡಿದು ನೋಡಿದರೆ ಜೂಲಿಯಿಂದ ಮರೀಗೆ, ಮರೀಯಿಂದ ಐಸೆನ್‌ಬರ್ಗ್ ಸಹೋದರರಿಗೂ ಹೆಸ್ಸೆ ಒಡಹುಟ್ಟಿದವರಿಗೂ ಒಂದೇ ಎಳೆ ಕಡಿಯದೆ ಇಳಿದುಬರುತ್ತದೆ. ಎರಡು ಮದುವೆಗಳ ತೊಡಕು ಅಲ್ಲಿ ತೊಡಕೇ ಅಲ್ಲ. ಹರ್ಮನ್ ಹೆಸ್ಸೆ ಆಗ ಗುಂಡರ್ಟರ ಕುಟುಂಬಕ್ಕೂ ಸೇರುವುದಿಲ್ಲ, ಹೆಸ್ಸೆ ಕುಟುಂಬಕ್ಕೂ ಸೇರುವುದಿಲ್ಲ. ಅವರು ಜೂಲಿ ಡುಬುವಾ ಅವರ ಕುಟುಂಬದವರು. ಜೂಲಿ ನಡೆಸಿದ ಹೆಣ್ಣುಮಕ್ಕಳ ಶಾಲೆ ತಲಶ್ಶೇರಿಯಲ್ಲಿತ್ತು. ಅಲ್ಲಿಯ ನಾಯರ್ ಮತ್ತು ತೀಯ ಮನೆಗಳಲ್ಲಿ ಮರುಮಕ್ಕತ್ತಾಯಂ ಎಂಬ ಇಂಥದೇ ಪದ್ಧತಿ ಇದ್ದುದರಿಂದ, ಈ ಲೆಕ್ಕಾಚಾರ ಆ ನೆರೆಹೊರೆಯ ತಾಯಂದಿರಿಗೆ ವಿಚಿತ್ರವೆನಿಸುತ್ತಿರಲಿಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಿ. ಹೆಸ್ಸೆಯವರ ಅಕ್ಕ ಅಡೇಲ್, 1875ರಲ್ಲಿ ಹುಟ್ಟಿದವರು, ತಾಯಿಯ ತವರಿನ ಕಡೆಯ ಸಂಬಂಧಿಯೇ ಆದ ಪಾದ್ರಿಯೊಬ್ಬರನ್ನು ಮದುವೆಯಾಗಿ ಮತ್ತೆ ಗುಂಡರ್ಟ್ ಎಂಬ ಮನೆಹೆಸರಿಗೆ ಮರಳಿದರು. ಆ ಪಾದ್ರಿಯ ಹೆಸರೂ ಹರ್ಮನ್ ಗುಂಡರ್ಟ್! ಪ್ರಶ್ನೆ ಕೇಳಿದವರ ಹಾಳೆ ಹರ್ಮನ್ನರಿಂದ ತುಂಬಿದ್ದರಲ್ಲಿ ಆಶ್ಚರ್ಯವಿಲ್ಲ. ತಾಯಿಯ ಪತ್ರಗಳನ್ನೂ ದಿನಚರಿಗಳನ್ನೂ ಸೇರಿಸಿ 1934ರಲ್ಲಿ ಗ್ರಂಥವಾಗಿ ಹೊರತಂದವರು ಇದೇ ಅಡೇಲ್. ಈ ಮನೆತನದ ಒಳಗಿನ ಸಂಗತಿಗಳು ನಮಗೆ ಇಷ್ಟು ತಿಳಿದಿರುವುದಕ್ಕೆ ನೊಬೆಲ್ ಪಡೆದ ತಮ್ಮನಷ್ಟೇ ಈ ಅಕ್ಕನೂ ಕಾರಣ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಹುಟ್ಟಿದ ಇಸವಿಗಳನ್ನು ಹಾಳೆಯ ಮೇಲೆ ಬರೆಯುವಾಗ ಒಂದು ವಿಷಯ ಕಣ್ಣಿಗೆ ಬಿತ್ತು: ಜೂಲಿ ಗಂಡನಿಗಿಂತ ಹಿರಿಯರು, ಮರೀಯೂ ಯೊಹಾನ್ನೆಸ್‌ಗಿಂತ ಐದು ವರ್ಷ ಹಿರಿಯರು. ನಮ್ಮಲ್ಲಿ ಜಾತಕ ನೋಡುವವರು ಒಪ್ಪುತ್ತಿರಲಿಲ್ಲವೇನೋ. ಗುಂಡರ್ಟರ ಗಂಡುಮಕ್ಕಳ ಕಡೆಯಿಂದ ಹೆಸರಾದವರು ಯಾರೂ ಇಲ್ಲವೇ? ಹರ್ಮನ್ ಹೆಸ್ಸೆ ಸ್ವತಃ ತಾಯಿ ಹುಟ್ಟಿದ ಊರನ್ನು ನೋಡಲು ಬಂದಿದ್ದರೇ?

ಉತ್ತರ 3

ನೀವು ಗಮನಿಸಿದ್ದು ಮೂರನೆಯ ತಲೆಮಾರಿಗೂ ಮುಂದುವರಿಯುತ್ತದೆ. ಹೆಸ್ಸೆ 1904ರಲ್ಲಿ ಮದುವೆಯಾದ ಮರಿಯಾ ಬೆರ್ನೂಲಿ 1868ರಲ್ಲಿ ಹುಟ್ಟಿದವರು, ಎಂದರೆ ಪತಿಗಿಂತ ಒಂಬತ್ತು ವರ್ಷ ಹಿರಿಯರು. ಗಣಿತಜ್ಞರಿಗೆ ಹೆಸರಾದ ಬಾಸೆಲ್ಲಿನ ಬೆರ್ನೂಲಿ ಮನೆತನದ ಅವರು ಛಾಯಾಗ್ರಾಹಕಿಯಾಗಿದ್ದರು. ಈ ದಂಪತಿಗಳ ಮಕ್ಕಳು ಬ್ರೂನೊ, ಹೈನರ್ ಮತ್ತು ಮಾರ್ಟಿನ್. ಇವರಲ್ಲಿ ಬ್ರೂನೊ ಚಿತ್ರಕಾರರಾದರು, ಮಾರ್ಟಿನ್ ತಾಯಿಯಂತೆಯೇ ಕ್ಯಾಮೆರಾ ಹಿಡಿದರು. ಹೆಸ್ಸೆ ಆ ಬಳಿಕ ಇನ್ನೆರಡು ಬಾರಿ ಮದುವೆಯಾದರೂ ಆ ಮದುವೆಗಳಿಂದ ಮಕ್ಕಳಿಲ್ಲ.

ಗಂಡುಮಕ್ಕಳ ಕಡೆಯಲ್ಲಿ ಡಾವಿಡ್ ಗುಂಡರ್ಟ್ ಅವರ ಕೊಂಬೆಯನ್ನು ಮರೆಯಬೇಡಿ. ಡಾವಿಡ್ ಸ್ಟುಟ್‌ಗಾರ್ಟಿನಲ್ಲಿ ಪ್ರಕಾಶಕರಾಗಿದ್ದರು. ಅವರ ಮಗ ವಿಲ್‌ಹೆಲ್ಮ್, 1880ರಲ್ಲಿ ಹುಟ್ಟಿದವರು, 1906ರಲ್ಲಿ ಧರ್ಮಪ್ರಚಾರಕ್ಕೆಂದು ಜಪಾನಿಗೆ ಹೋಗಿ, ಆ ದೇಶದ ಭಾಷೆ ಮತ್ತು ಧರ್ಮಗಳ ವಿದ್ವಾಂಸರಾಗಿ ಹಿಂದಿರುಗಿದರು. ಇಂಗ್ಲಿಷ್ ಪುಸ್ತಕಗಳು ಇವರನ್ನು ಹೆಸ್ಸೆಯವರ ಕಸಿನ್ ಎಂದಷ್ಟೇ ಹೇಳಿ ಸುಮ್ಮನಾಗುತ್ತವೆ. ನಮ್ಮ ಭಾಷೆಯಲ್ಲಿ ಸೋದರಮಾವನ ಮಗ, ವಯಸ್ಸಿನಲ್ಲಿ ಕಿರಿಯನಾದ್ದರಿಂದ ಭಾವಮೈದ ಎಂದರೆ ಸಂಬಂಧದ ದಾರಿ ಪೂರ್ತಿ ತಿಳಿಯುತ್ತದೆ. 1922ರಲ್ಲಿ ಬಂದ ‘ಸಿದ್ಧಾರ್ಥ’ ಕಾದಂಬರಿಯ ಎರಡನೆಯ ಭಾಗವನ್ನು ಹೆಸ್ಸೆ ಈ ಭಾವಮೈದನಿಗೆ ಅರ್ಪಿಸಿದ್ದಾರೆ. ಆದರೆ ವಿಲ್‌ಹೆಲ್ಮ್ ನಾಜಿ ಪಕ್ಷದ ಸದಸ್ಯರಾಗಿದ್ದರು, 1938ರಿಂದ 1941ರವರೆಗೆ ಹಾಂಬುರ್ಗ್ ವಿಶ್ವವಿದ್ಯಾನಿಲಯದ ಮುಖ್ಯಸ್ಥರಾಗಿದ್ದರು ಎಂಬುದನ್ನೂ ವಂಶವೃಕ್ಷ ಬರೆಯುವವರು ಮುಚ್ಚಿಡಬಾರದು. ಅದೇ ಕಾಲದಲ್ಲಿ ಹೆಸ್ಸೆ ಸ್ವಿಟ್ಜರ್ಲೆಂಡಿನ ಪ್ರಜೆಯಾಗಿ ಮೊಂಟಾನ್ಯೋಲಾದಲ್ಲಿದ್ದು, ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಲೇಖಕರಿಗೆ ನೆರವಾಗುತ್ತಿದ್ದರು.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಬರಲಿಲ್ಲ. 1911ರಲ್ಲಿ ಚಿತ್ರಕಾರ ಹಾನ್ಸ್ ಸ್ಟುರ್ಜೆನೆಗ್ಗರ್ ಅವರೊಂದಿಗೆ ಹಡಗು ಹತ್ತಿ ಸಿಂಗಪುರ, ಸುಮಾತ್ರಾ, ಸಿಲೋನುಗಳನ್ನು ಕಂಡರು. ಮಲಬಾರಿಗೂ ಹೋಗುವ ಆಲೋಚನೆಯಿದ್ದರೂ ದೇಹಾರೋಗ್ಯ ಕೆಟ್ಟು ಸಿಲೋನಿನಿಂದಲೇ ಹಿಂದಿರುಗಿದರು. ಕ್ಯಾಂಡಿಯವರೆಗೆ ಬಂದವರಿಗೆ ತಲಶ್ಶೇರಿ ಎಷ್ಟು ದೂರ!

ಉತ್ತರ 1 ಬರೆದವರಿಂದ

ಒಂದು ಸೇರ್ಪಡೆ. ಮರೀ ಅವರ ಮೊದಲ ಪತಿ ಐಸೆನ್‌ಬರ್ಗ್ ಕೆಲಸ ಮಾಡುತ್ತಿದ್ದ ಊರು ಹೈದರಾಬಾದ್ ಎಂದು ಪುಸ್ತಕಗಳಲ್ಲಿ ನೋಡಿದವರು ಅದನ್ನು ನಿಜಾಮರ ಹೈದರಾಬಾದ್ ಎಂದುಕೊಳ್ಳುವುದುಂಟು. ಅದು ಈಗ ಪಾಕಿಸ್ತಾನದಲ್ಲಿರುವ ಸಿಂಧ್ ಪ್ರಾಂತದ ಹೈದರಾಬಾದ್. ಹಾಳೆಯ ಮೇಲೆ ಊರಿನ ಹೆಸರಿನ ಜೊತೆಗೆ ಸಿಂಧ್ ಎಂದು ಬರೆಯದೆ ಬಿಡಬೇಡಿ. ಇಲ್ಲಿಕ್ಕುನ್ನಿನ ಬಂಗಲೆ ಇಂದಿಗೂ ನಿಂತಿದೆ. ಮಂಗಳೂರಿನಿಂದ ಬೆಳಗಿನ ರೈಲು ಹಿಡಿದರೆ ಮಧ್ಯಾಹ್ನದೊಳಗೆ ಮಕ್ಕಳಿಗೆ ಅದನ್ನು ತೋರಿಸಬಹುದು.