ಅಪ್‌ಡೇಟ್: ವಿಎ ಮಾನಿಟರ್ ವಾಪಸ್ ಹೋಯ್ತು, ಐಪಿಎಸ್ ಮಾನಿಟರ್ ಬಂತು

27 ಇಂಚಿನ 1440ಪಿ ಗೇಮಿಂಗ್ ಮಾನಿಟರ್‌ಗೆ ಐಪಿಎಸ್ ತಗೊಳ್ಳಲೋ ವಿಎ ತಗೊಳ್ಳಲೋ (ಎರಡೂ ಎಲ್‌ಸಿಡಿ ಪರದೆಯ ಬಗೆಗಳು) ಅಂತ ಹೋದ ತಿಂಗಳು ಕೇಳಿದ್ದೆ. ಮೊದಲು ವಿಎ ತರಿಸಿದೆ. ರಾತ್ರಿ ಲೈಟ್ ಆರಿಸಿ ಕೂತರೆ ಕಪ್ಪು ನಿಜಕ್ಕೂ ಕಪ್ಪೇ. 3000:1 ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಹೊಳಪಿನ ಅನುಪಾತ) ಅಂದ್ರೆ ಸುಮ್ನೆ ಅಲ್ಲ.

ಆದರೆ ಶೂಟಿಂಗ್ ಗೇಮ್ ಹಾಕಿದಾಗ ತೊಂದರೆ ಶುರುವಾಯಿತು. ಕತ್ತಲೆ ಗೋಡೆಯ ಮುಂದೆ ಯಾರಾದರೂ ಓಡಿದರೆ, ಒದ್ದೆ ಮಸಿಯ ಮೇಲೆ ಬೆರಳಾಡಿಸಿದಂತೆ ಹಿಂದೆ ಒಂದು ಗೆರೆ. ಕಪ್ಪಿನಿಂದ ಗಾಢ ಬೂದು ಬಣ್ಣಕ್ಕೆ ಬದಲಾಗುವಾಗ ವಿಎ ಪಿಕ್ಸೆಲ್‌ಗಳು ನಿಧಾನ, ಅದಕ್ಕೇ ಹಾಗೆ. ಪಿಕ್ಸೆಲ್ ಬೇಗ ಬದಲಾಗುವಂತೆ ಮಾಡುವ ಓವರ್‌ಡ್ರೈವ್ ಸೆಟ್ಟಿಂಗ್ ಜಾಸ್ತಿ ಮಾಡಿದೆ. ಗೆರೆ ಕಡಿಮೆಯಾಯಿತು, ಅಂಚಿನಲ್ಲಿ ಬಿಳಿ ನೆರಳು ಬಂತು! ಐದನೇ ದಿನ ವಾಪಸ್ ಕಳಿಸಿದೆ.

ಈಗ ಐಪಿಎಸ್ ಇದೆ. ಆಟ ನುಣುಪಾಗಿದೆ. ಕಾಂಟ್ರಾಸ್ಟ್ ಮಾತ್ರ 1000:1 ಆಸುಪಾಸು, ಕತ್ತಲೆ ಕೋಣೆಯಲ್ಲಿ ಮೂಲೆಗಳು ಬೆಳ್ಳಗೆ ಹೊಳೆಯುತ್ತವೆ. ಮಾನಿಟರ್ ಹಿಂದೆ ಚಿಕ್ಕ ದೀಪ ಇಟ್ಟ ಮೇಲೆ ಅಷ್ಟಾಗಿ ಕಾಣಲ್ಲ.

ಆಗ ಓಎಲ್‌ಇಡಿ (ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಪರದೆ) ತಗೋ ಅಂದವರಿಗೆ: ಆಸೆ ನನಗೂ ಇದೆ. ಆದರೆ ದಿನಕ್ಕೆ ಎಂಟು ಗಂಟೆ ಅದೇ ಟಾಸ್ಕ್‌ಬಾರ್, ಅದೇ ಕೋಡ್ ಕಿಟಕಿ. ಅದೇ ಚಿತ್ರ ಪರದೆಯಲ್ಲಿ ಅಚ್ಚೊತ್ತಿ ಉಳಿಯುವ ಬರ್ನ್-ಇನ್ ಭಯ ಬಿಡಲಿಲ್ಲ. ಜೇಬೂ ಒಪ್ಪಲಿಲ್ಲ ಅನ್ನಿ.