‘ಪಲಾಯನ’ದ ಬದಲು ‘ಕಾಲ್ಕೀಳು’ ಸಲ್ಲುತ್ತದೆಯೇ?

ಬೇಟೆಗೆ ಗುರಿಯಾದ ಪ್ರಾಣಿ ಓಡಬೇಕೋ ಎದುರಿಸಬೇಕೋ ಎಂದು ತೀರ್ಮಾನಿಸುವ ಬಗೆಯನ್ನು ಕುರಿತು ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಇದಕ್ಕೆ ನಮ್ಮ ವಿಜ್ಞಾನ ಬರಹಗಳಲ್ಲಿ ಕಾಣುವ ‘ಹೋರಾಟ ಅಥವಾ ಪಲಾಯನ’ ಎಂಬ ಮಾತು ನನಗೆ ಒಪ್ಪಿಗೆಯಾಗುತ್ತಿಲ್ಲ. ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದ್ದು, ಅಪಾಯದ ಹೊತ್ತಿನಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ದೇಹವನ್ನು ಎರಡಕ್ಕೂ ಒಂದೇ ಬಗೆಯಲ್ಲಿ ಅಣಿಗೊಳಿಸುತ್ತದೆ ಎಂಬುದನ್ನು. ಅಲ್ಲಿ ಓಟಕ್ಕೆ ಹೇಡಿತನದ ಸೋಂಕಿಲ್ಲ. ಕನ್ನಡದ ‘ಪಲಾಯನ’ಕ್ಕಾದರೋ ರಣರಂಗದಲ್ಲಿ ಬೆನ್ನು ತೋರಿಸಿದ ಕಳಂಕ ಅಂಟಿದೆ, ‘ಪಲಾಯನವಾದ’ವೆಂದರಂತೂ ಅದು ನೇರ ಆಕ್ಷೇಪವೇ ಸರಿ.

‘ಬೆದರು’ ಎಂಬ ಅಚ್ಚಗನ್ನಡ ಪದವಿದೆ. ಆದರೆ ದನ ಬೆದರಿತು ಎನ್ನುವಾಗಲೂ ಹೊಲದ ಬೆದರುಬೊಂಬೆಯಲ್ಲೂ ಅದು ಸೂಚಿಸುವುದು ಥಟ್ಟನೆ ಹುಟ್ಟುವ ಗಾಬರಿಯನ್ನು, ತೀರ್ಮಾನವನ್ನಲ್ಲ. ಬಂಡೀಪುರ, ನಾಗರಹೊಳೆಗಳ ಚುಕ್ಕೆಜಿಂಕೆ ಹುಲಿಯನ್ನು ಕಂಡೊಡನೆ ಓಡಿಬಿಡಬೇಕೆಂದಿಲ್ಲ. ಬಾಲವೆತ್ತಿ, ಮುಂಗಾಲನ್ನು ನೆಲಕ್ಕೆ ಬಡಿದು, ಕೂಗುತ್ತ ಹುಲಿಯನ್ನೇ ದಿಟ್ಟಿಸಿ ನಿಲ್ಲುವುದುಂಟು, ಏಕೆಂದರೆ ಹೊಂಚುಹಾಕಿ ಹಿಡಿಯುವ ಪ್ರಾಣಿ ಒಮ್ಮೆ ಕಣ್ಣಿಗೆ ಬಿದ್ದರೆ ಅದರ ಬೇಟೆ ಬಹುಮಟ್ಟಿಗೆ ಕೆಟ್ಟಂತೆ. ಅಟ್ಟಿಸಿಕೊಂಡು ಬರುವ ಸೀಳುನಾಯಿಗಳ ಮುಂದೆ ಈ ಉಪಾಯ ನಡೆಯದು. ಆಗ ಜಿಂಕೆ ಓಡುತ್ತದೆ, ಕಡವೆ ಕೆಲವೊಮ್ಮೆ ನೀರಿಗಿಳಿದು ಅಲ್ಲಿಯೇ ನಿಂತು ಎದುರಿಸುತ್ತದೆ.

1986ರಲ್ಲಿ ಯೆಡೆನ್‌ಬರ್ಗ್ ಮತ್ತು ಡಿಲ್ ಎಂಬ ವಿಜ್ಞಾನಿಗಳು ಇದನ್ನು ಲೆಕ್ಕಾಚಾರವಾಗಿ ವಿವರಿಸಿದರು: ಓಡಿದರೆ ಮೇವು ತಪ್ಪುತ್ತದೆ, ಕಸುವು ವ್ಯಯವಾಗುತ್ತದೆ, ಆದ್ದರಿಂದ ನಿಲ್ಲುವುದರ ಅಪಾಯ ಓಡುವುದರ ನಷ್ಟವನ್ನು ಮೀರುವಷ್ಟು ಶತ್ರು ಹತ್ತಿರವಾಗುವವರೆಗೆ ಪ್ರಾಣಿ ಕಾಯುತ್ತದೆ. ಆ ಅಂತರಕ್ಕೆ ನನಗೊಂದು ಹೆಸರು ಬೇಕಾಗಿದೆ.

‘ಕಾಲ್ಕೀಳುವ ದೂರ’ ಎಂದರೆ ಹೇಗೆ? ಈ ಪದವನ್ನು ನಾನು ಮೆಚ್ಚಲು ಕಾರಣ ಅದರ ಜೊತೆಯವು. ನೆಲದಿಂದ ಕಾಲು ಕಿತ್ತರೆ ಓಟ; ನಿಂತರೆ ‘ಕಾಲೂರು’; ಮೇಲೇರಿ ಹೋಗಲು ಸಿದ್ಧವಾದರೆ ‘ಕಾಲು ಕೆರೆ’. ಕಾಲು ಕೆರೆದು ಜಗಳಕ್ಕೆ ಹೋಗುವುದೆಂಬ ಮಾತನ್ನು ಈಗ ಮನುಷ್ಯರಿಗೇ ಬಳಸಿದರೂ, ಅದರ ಹಿಂದೆ ನೆಲ ಕೆರೆಯುವ ಗೂಳಿ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಹಾಗಾಗಿ ‘ಕಾಲೂರುವುದೋ ಕಾಲ್ಕೀಳುವುದೋ’ ಎಂದರೆ ಇಬ್ಬಗೆಯೂ ಒಂದೇ ಅಂಗದ ಕ್ರಿಯೆಯಾಗಿ, ಯಾವುದಕ್ಕೂ ಹಿರಿಮೆ ಕೀಳರಿಮೆಗಳಿಲ್ಲದೆ ನಿಲ್ಲುತ್ತದೆ.

ನನ್ನ ಅಳುಕು ಒಂದೇ. ಪತ್ರಿಕೆಗಳಲ್ಲಿ ಕಾಲ್ಕೀಳುವವರು ಹೆಚ್ಚಾಗಿ ಕಳ್ಳರು. ಆ ಬಳಕೆಯಿಂದ ಈ ಪದಕ್ಕೂ ಕಳಂಕ ತಟ್ಟಿದೆಯೆಂದು ನಿಮಗೆ ಅನಿಸುತ್ತದೆಯೇ? ಅಪರಿಚಿತರು ಎಷ್ಟು ಸಮೀಪ ಬಂದರೆ ದನ ಅಥವಾ ಕುರಿ ಚದುರುತ್ತದೆಯೋ ಆ ಅಂತರಕ್ಕೆ ನಿಮ್ಮ ಕಡೆಯ ದನಗಾಹಿಗಳಲ್ಲಿ, ಕುರುಬರಲ್ಲಿ ಬೇರೆಯೇ ಮಾತಿದ್ದರೆ, ಊರಿನ ಹೆಸರಿನೊಂದಿಗೆ ದಯವಿಟ್ಟು ತಿಳಿಸಿ.