ಅಪ್‌ಡೇಟ್: ನಡುವೆ ಕುಳಿಯಿರುವ ಕಂಚಿನ ನಾಣ್ಯ

ತಂದೆಯವರ ಸಂಗ್ರಹದಲ್ಲಿದ್ದ ದಪ್ಪ ಗ್ರೀಕ್ ಕಂಚಿನ ನಾಣ್ಯದ ಎರಡೂ ಮುಖಗಳ ನಡುವೆ ಸಣ್ಣ ಕುಳಿ ಏಕಿದೆ, ಯಾರಾದರೂ ಪದಕ ಮಾಡಿಕೊಳ್ಳಲು ಕೊರೆಯಹೊರಟಿದ್ದರೇ ಎಂದು ಈ ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಹೃತ್ಪೂರ್ವಕ ಧನ್ಯವಾದಗಳು. ನಾಣ್ಯಶಾಸ್ತ್ರ ಬಲ್ಲ ಹಿರಿಯರೊಬ್ಬರು ಈಗ ಅದನ್ನು ಕೈಯಲ್ಲಿ ಹಿಡಿದು ಪರಿಶೀಲಿಸಿದ್ದಾರೆ.

ಇದು ಕ್ರಿ.ಪೂ. 246ರಿಂದ 222ರವರೆಗೆ ಈಜಿಪ್ಟನ್ನು ಆಳಿದ, ಗ್ರೀಕ್ ಮೂಲದ ಟಾಲೆಮಿ ವಂಶದ ದೊರೆ ಮೂರನೇ ಟಾಲೆಮಿಯ ಕಾಲದ, ಅಲೆಕ್ಸಾಂಡ್ರಿಯದ ಟಂಕಸಾಲೆಯ ನಾಣ್ಯ. ಅಗಲ 42 ಮಿ.ಮೀ., ತೂಕ 69 ಗ್ರಾಂ. ಮುಂಭಾಗದಲ್ಲಿ ಟಗರಿನ ಕೊಂಬುಳ್ಳ ದೇವರು ಜ್ಯೂಸ್-ಅಮ್ಮೋನನ ತಲೆಯೂ ಹಿಂಭಾಗದಲ್ಲಿ ಸಿಡಿಲಾಯುಧದ ಮೇಲೆ ನಿಂತ ಹದ್ದೂ ಇವೆ. ಹದ್ದಿನ ಕಾಲುಗಳ ನಡುವೆ ಗ್ರೀಕ್‌ನಲ್ಲಿ ಕ್ರಿಸ್ತನ ಹೆಸರಿನ ಮೊದಲೆರಡು ಅಕ್ಷರಗಳಾದ ಖೈ ಮತ್ತು ರೋ ಹೆಣೆದುಕೊಂಡಿರುವುದನ್ನು ಕಂಡು ಕೆಲವರು ಕ್ರೈಸ್ತ ಚಿಹ್ನೆಯೆಂದು ಊಹಿಸಿದ್ದರು. ಆದರೆ ನಾಣ್ಯವು ಕ್ರಿಸ್ತನಿಗಿಂತ ಎರಡು ಶತಮಾನಕ್ಕೂ ಹಿಂದಿನದಾದ್ದರಿಂದ ಆ ಮಾತಿಗೆ ಆಸ್ಪದವೇ ಇಲ್ಲ.

ಇನ್ನು ಕುಳಿಯ ವಿಷಯ. ಎರಕ ಹೊಯ್ದ ಬಿಲ್ಲೆಯನ್ನು ಅಚ್ಚೊತ್ತುವ ಮೊದಲು ನಡುವೆ ಬಿಗಿಹಿಡಿದು ತಿರುಗಿಸುತ್ತ ಮೇಲ್ಮೈಯನ್ನು ನಯಗೊಳಿಸುವಾಗ ಉಳಿದ ಗುರುತು ಅದೆಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿವರಣೆ, ಮತ್ತು ಟಾಲೆಮಿಗಳ ದೊಡ್ಡ ಕಂಚಿನ ನಾಣ್ಯಗಳಲ್ಲಿ ಅದು ತೀರ ಸಹಜ. ಭೂತಗನ್ನಡಿಯಲ್ಲಿ ನೋಡಿದಾಗ ಕುಳಿಯ ತಳದಲ್ಲೂ ಉಳಿದ ಭಾಗದಂತೆಯೇ ಕಡುಹಸಿರು ಪದರ ಹಬ್ಬಿರುವುದು ಕಂಡಿತು. ಇತ್ತೀಚೆಗೆ ಕೊರೆದಿದ್ದರೆ ಅಲ್ಲಿ ಹೊಸ ಲೋಹ ಹೊಳೆಯಬೇಕಿತ್ತು.

ಹುಣಸೆಹಣ್ಣು ಹಚ್ಚಿ ತಿಕ್ಕಿ ಎಂದವರ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಹುಳಿಯು ಆ ಪದರವನ್ನೇ ಕಿತ್ತುಹಾಕುತ್ತದೆ. ಅಂಚಿನಲ್ಲಿ, ತೇವದಿಂದ ಹಬ್ಬುವ ಕಂಚಿನ ತುಕ್ಕಿನ ಲಕ್ಷಣವಾದ ತಿಳಿಹಸಿರು ಪುಡಿ ಕಾಣಿಸಿದ್ದರಿಂದ ನಾಣ್ಯವನ್ನು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಬೇರೆಯಾಗಿ ಇಟ್ಟಿದ್ದೇನೆ.